ಸಾಕ್ಷಿ ಶುರುವಾಗುವ ಮುಂಚಿನ ತಾರೀಖು: ಶಿರಸಿಯ ಒಂದು ವೈವಾಹಿಕ ಮೊಕದ್ದಮೆಯ ತಯಾರಿ

ವಿಚ್ಛೇದನದ ಮೊಕದ್ದಮೆ ಅಂದರೆ ಎಲ್ಲರ ಲಕ್ಷ್ಯ ಪಾಟೀ ಸವಾಲಿನ (ಎದುರು ವಕೀಲರು ಸಾಕ್ಷಿಯನ್ನು ಪ್ರಶ್ನಿಸುವುದರ) ಮೇಲೆ. ಆದರೆ ಮೊಕದ್ದಮೆ ಎರಡು ವರ್ಷಕ್ಕೆ ಮುಗಿಯುತ್ತದೋ ಏಳು ವರ್ಷಕ್ಕೆ ಎಳೆಯುತ್ತದೋ ಎಂಬುದು ಬಹುಪಾಲು ತೀರ್ಮಾನವಾಗುವುದು ಅದಕ್ಕಿಂತ ಮುಂಚೆ. ತಕರಾರು (ಎದುರು ಪಕ್ಷದ ಲಿಖಿತ ಉತ್ತರ) ಸಲ್ಲಿಕೆಯಾಗಿ, ಮಧ್ಯಸ್ಥಿಕೆ ಮುರಿದು, ವಿವಾದಾಂಶ (ನ್ಯಾಯಾಲಯ ತೀರ್ಮಾನಿಸಬೇಕಾದ ಪ್ರಶ್ನೆಗಳು) ರಚನೆಗೆ ಕಡತ ಇಟ್ಟ ದಿನ ಅದು. ಯಾವುದನ್ನು ರುಜುವಾತು ಮಾಡಬೇಕು, ಯಾರ ಬಾಯಿಂದ, ಯಾವ ಕಾಗದದಿಂದ ಎಂಬುದು ಅವತ್ತು ಗೊತ್ತಾಗುತ್ತದೆ. ಬಹಳ ಕಕ್ಷಿದಾರರು ಆ ದಿನ ಬರಿಗೈಲಿ ಬಂದು, ಮುಂದಿನ ತಾರೀಖು ಬರೆದುಕೊಂಡು ಹೋಗುತ್ತಾರೆ.

ಕೆಳಗಿನ ಪ್ರಕರಣ ಯಾವುದೇ ಒಂದು ಮನೆಯದಲ್ಲ. ಘಟ್ಟದ ಮೇಲಿನ ಮತ್ತು ಕೆಳಗಿನ ತಾಲೂಕುಗಳ ಇಂಥ ಮೊಕದ್ದಮೆಗಳಲ್ಲಿ ಮತ್ತೆ ಮತ್ತೆ ಎದುರಾಗುವ ಸಂಗತಿಗಳನ್ನು ಒಂದೇ ಕಡತಕ್ಕೆ ಸೇರಿಸಿ ಕಟ್ಟಿದ್ದು. ತಯಾರಿಯನ್ನು ಹೆಂಡತಿಯ ಕಡೆಯಿಂದ ನೋಡಲಾಗಿದೆ.

ಸಂದರ್ಭ ಹೀಗಿದೆ. ಗಂಡ ಶಿರಸಿ ತಾಲೂಕಿನ ಅಡಿಕೆ ಬೆಳೆಗಾರ. ಹೆಂಡತಿಯ ತವರು ಕುಮಟಾ. ಅಲ್ಲೇ ಖಾಸಗಿ ಶಾಲೆಯೊಂದರಲ್ಲಿ ತಿಂಗಳಿಗೆ 14,000 ರೂಪಾಯಿ ಸಂಬಳದ ಶಿಕ್ಷಕಿ. ಮೂರನೇ ತರಗತಿಯ ಮಗ ತಾಯಿಯ ಜೊತೆಗಿದ್ದಾನೆ. ಆಕೆ 2022ರ ಜೂನ್ 12ರಂದು ತವರಿಗೆ ಬಂದಳು. 2023ರಲ್ಲಿ ಕುಮಟಾದ ಮ್ಯಾಜಿಸ್ಟ್ರೇಟ್ ನ್ಯಾಯಾಲಯದಲ್ಲಿ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂ ಪ್ರಕಾರ ಜೀವನಾಂಶ ಕೇಳಿದಳು. ತಿಂಗಳಿಗೆ 6,000 ರೂಪಾಯಿ ಮಧ್ಯಂತರ ಆದೇಶವಾಗಿದೆ, ಏಳು ತಿಂಗಳ 42,000 ಬಾಕಿ ಇದೆ. ಗಂಡ 2024ರ ಜನವರಿ 22ರಂದು ಶಿರಸಿಯ ಹಿರಿಯ ಸಿವಿಲ್ ನ್ಯಾಯಾಧೀಶರ ನ್ಯಾಯಾಲಯದಲ್ಲಿ ಹಿಂದೂ ವಿವಾಹ ಕಾಯ್ದೆಯಡಿ ವಿಚ್ಛೇದನದ ಅರ್ಜಿ ಹಾಕಿದ. ಕಾರಣ ಎರಡು: ಕ್ರೌರ್ಯ, ಪರಿತ್ಯಾಗ.

ಪ್ರತ್ಯೇಕ ಕುಟುಂಬ ನ್ಯಾಯಾಲಯದ ವ್ಯಾಪ್ತಿಗೆ ಬರದ ಊರುಗಳಲ್ಲಿ ಇಂಥ ಅರ್ಜಿಗಳನ್ನು ಸಿವಿಲ್ ನ್ಯಾಯಾಲಯವೇ ನಡೆಸುತ್ತದೆ, ಮತ್ತು ಇದರಿಂದ ತಯಾರಿಯಲ್ಲಿ ವ್ಯತ್ಯಾಸವಾಗುತ್ತದೆ. 1984ರ ಕುಟುಂಬ ನ್ಯಾಯಾಲಯಗಳ ಕಾಯ್ದೆಯ 14ನೇ ಕಲಂ ಸಾಕ್ಷ್ಯದ ನಿಯಮಗಳನ್ನು ಸಡಿಲಿಸುತ್ತದೆ. ಆ ಸಡಿಲಿಕೆ ಸಿವಿಲ್ ನ್ಯಾಯಾಲಯದಲ್ಲಿ ಸಿಗುವುದಿಲ್ಲ. ಪ್ರತಿ ಕಾಗದವನ್ನೂ ನಿಯಮದಂತೆ ರುಜುವಾತು ಮಾಡಬೇಕು. ಬೆಂಗಳೂರಿನ ಬಂಧುವೊಬ್ಬರ ಕೇಸಿನಲ್ಲಿ ಹಾಗೆ ನಡೆಯಿತು, ಇಲ್ಲೂ ನಡೆದೀತು ಎಂಬ ಎಣಿಕೆ ಕೆಲಸ ಮಾಡದು.

ದಿನಾಂಕಗಳ ಪಟ್ಟಿ

ತಾರೀಖಿಗೆ ಮೂರು ವಾರ ಇರುವಾಗ ಮೊದಲು ಮಾಡಿದ ಕೆಲಸ ಒಂದೇ ಹಾಳೆಯಲ್ಲಿ ದಿನಾಂಕಗಳನ್ನು ಬರೆದದ್ದು. ಮದುವೆ, ಮಗು ಹುಟ್ಟಿದ್ದು, ಅರ್ಜಿಯಲ್ಲಿ ಹೇಳಿದ ಪ್ರತಿ ಜಗಳ, ಮನೆ ಬಿಟ್ಟ ದಿನ, ನೋಟಿಸು, ಅರ್ಜಿ. ಈ ಹಾಳೆಯೇ ಪರಿತ್ಯಾಗದ ವಿಷಯವನ್ನು ಬಗೆಹರಿಸಿತು.

ಪರಿತ್ಯಾಗದ ಮೇಲೆ ವಿಚ್ಛೇದನ ಸಿಗಬೇಕಾದರೆ ಅರ್ಜಿ ಸಲ್ಲಿಸಿದ ದಿನಕ್ಕೆ ನಿಕಟಪೂರ್ವದ ಎರಡು ವರ್ಷ ಸತತವಾಗಿ ಬಿಟ್ಟುಹೋಗಿರಬೇಕು. 2022ರ ಜೂನ್ 12ರಿಂದ 2024ರ ಜನವರಿ 22ಕ್ಕೆ 19 ತಿಂಗಳು 10 ದಿನ. ಮನೆ ಬಿಟ್ಟ ದಿನಾಂಕ ಗಂಡನ ಅರ್ಜಿಯಲ್ಲೇ ಇದೆ, ಹೆಂಡತಿಯ ತಕರಾರೂ ಅದನ್ನೇ ಹೇಳುತ್ತದೆ. ತಿದ್ದುಪಡಿಯಿಂದಲೂ ಈ ಕೊರತೆ ತುಂಬುವುದು ಕಷ್ಟ, ಏಕೆಂದರೆ ಲೆಕ್ಕ ಹಾಕುವುದು ಅರ್ಜಿ ಕೊಟ್ಟ ದಿನದಿಂದ ಹಿಂದಕ್ಕೆ.

ಇದನ್ನು ಈಗಲೇ ಹೇಳಬೇಕೋ, ವಾದದ ಹಂತಕ್ಕೆ ಉಳಿಸಿಕೊಳ್ಳಬೇಕೋ? ಕೊನೆಗೆ ಹೊಡೆದರೆ ಗೆಲುವು ಗಟ್ಟಿ ಎಂದು ಸಲಹೆ ಕೊಡುವವರು ಇದ್ದಾರೆ. ನಮಗೆ ಅದು ಸರಿ ಕಾಣುವುದಿಲ್ಲ. ಆಕೆಗೆ ಬೇಕಿರುವುದು ಮಗ ಮತ್ತು ಜೀವನಾಂಶ. ವಿಚ್ಛೇದನವನ್ನು ಹೇಗಾದರೂ ತಡೆಯಬೇಕೆಂಬ ಹಟ ಆಕೆಗಿಲ್ಲ. ನಾಲ್ಕು ವರ್ಷ ಸಾಕ್ಷಿ ನಡೆಸಿ, ಕೊನೆಗೆ ಈ ಒಂದು ಅಂಶದಲ್ಲಿ ಆತ ಸೋತರೆ ಮರುದಿನವೇ ಹೊಸ ಅರ್ಜಿ ಹಾಕುತ್ತಾನೆ, ಎಲ್ಲವೂ ಮೊದಲಿನಿಂದ. ಈಗಲೇ ಹೇಳಿದರೆ, ಯಾರು ಯಾವಾಗ ಯಾಕೆ ಮನೆ ಬಿಟ್ಟರು ಎಂದು ಹೇಳಲು ಎರಡೂ ಕಡೆ ಸಜ್ಜಾಗಿದ್ದ ಐದು ಸಾಕ್ಷಿಗಳು ಬೇಡವಾಗುತ್ತಾರೆ. ಹೊಸ ಅರ್ಜಿಗೆ ಅನುಮತಿ ಪಡೆದು ಆತ ಹಿಂತೆಗೆದುಕೊಳ್ಳುವ ಸಾಧ್ಯತೆ ಇದೆ. ಆ ಅಪಾಯವನ್ನು ಆಕೆಗೆ ಮುಂಚಿತವಾಗಿ ವಿವರಿಸಿ, ಒಪ್ಪಿಗೆ ಬರೆಸಿಕೊಂಡು ಮುಂದಡಿ ಇಡಲಾಯಿತು.

ಕ್ರೌರ್ಯದ ಆರೋಪಗಳನ್ನು ಇದೇ ಹಾಳೆಯ ಮುಂದೆ ಇಟ್ಟಾಗ ಹದಿನಾಲ್ಕು ಘಟನೆಗಳಲ್ಲಿ ನಾಲ್ಕಕ್ಕೆ ಮಾತ್ರ ತಾರೀಖು ಇರುವುದು ಕಂಡಿತು. ಅವುಗಳಲ್ಲಿ ದೊಡ್ಡದು 2019ರ ದೀಪಾವಳಿಯ ಜಗಳ. ಆಮೇಲೂ ಇಬ್ಬರೂ ಒಟ್ಟಿಗೆ ಬಾಳಿದ್ದಾರೆ. 2022ರ ಮಾರ್ಚ್ ತಿಂಗಳ ಮಾರಿಕಾಂಬಾ ಜಾತ್ರೆಯಲ್ಲಿ ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡ ಗಂಡ, ಪಕ್ಕದಲ್ಲಿ ಹೆಂಡತಿ ಇರುವ ಫೋಟೋ ಇದೆ. ಹಿಂದೂ ವಿವಾಹ ಕಾಯ್ದೆಯ 23(1)(ಬಿ) ಪ್ರಕಾರ ಅರ್ಜಿದಾರ ಆ ಕ್ರೌರ್ಯವನ್ನು ಕ್ಷಮಿಸಿರಬಾರದು. ಫೋಟೋ ಒಂದರಿಂದಲೇ ಕ್ಷಮೆ ರುಜುವಾತಾಗುವುದಿಲ್ಲ ನಿಜ, ಆದರೆ ಪಾಟೀ ಸವಾಲಿಗೆ ಅದು ಗಟ್ಟಿ ಆಧಾರ.

ಒಪ್ಪಿಸಬಹುದಾದ್ದನ್ನು ರುಜುವಾತು ಮಾಡಲು ಹೊರಡಬೇಡಿ

ನಮ್ಮ ತಾಲೂಕು ನ್ಯಾಯಾಲಯಗಳಲ್ಲಿ ಅತಿ ಕಡಿಮೆ ಬಳಕೆಯಾಗುವ, ಅತಿ ಹೆಚ್ಚು ಉಪಯೋಗದ ನಿಯಮಗಳು ಸಿವಿಲ್ ಪ್ರಕ್ರಿಯಾ ಸಂಹಿತೆಯ 12ನೇ ಆದೇಶದಲ್ಲಿವೆ. ನಿಯಮ 2ರ ಪ್ರಕಾರ ದಾಖಲೆಗಳನ್ನು, ನಿಯಮ 4ರ ಪ್ರಕಾರ ಸಂಗತಿಗಳನ್ನು ಒಪ್ಪಿಕೊಳ್ಳುವಂತೆ ಎದುರು ಪಕ್ಷಕ್ಕೆ ನೋಟಿಸು ಕೊಡಬಹುದು. ಸಂಗತಿಗಳ ನೋಟಿಸನ್ನು ವಿಚಾರಣೆಯ ದಿನಕ್ಕೆ ಕನಿಷ್ಠ ಒಂಬತ್ತು ದಿನ ಮುಂಚೆ ಕೊಟ್ಟಿರಬೇಕು. ಕಾರಣವಿಲ್ಲದೆ ನಿರಾಕರಿಸಿದರೆ ಅದನ್ನು ರುಜುವಾತು ಮಾಡಿದ ಖರ್ಚು ನಿರಾಕರಿಸಿದವರ ತಲೆಗೆ ಬೀಳಬಹುದು.

ಈ ಪ್ರಕರಣದಲ್ಲಿ ನೋಟಿಸಿನಲ್ಲಿ ಏಳು ಸಂಗತಿ, ಆರು ದಾಖಲೆ ಇದ್ದವು: ಮದುವೆಯ ದಿನ, ಮಗನ ಜನನ ಪ್ರಮಾಣಪತ್ರ, ಶಾಲೆಯ ದೃಢೀಕರಣ, ಶುಲ್ಕದ ರಸೀದಿ, ಕುಮಟಾದ ಮಧ್ಯಂತರ ಆದೇಶ, ಜಾತ್ರೆಯ ಫೋಟೋ ಇತ್ಯಾದಿ. ಒಂದು ಎಚ್ಚರ ಬೇಕು. ಒಂದು ವಾಕ್ಯದಲ್ಲಿ ಒಂದೇ ಸಂಗತಿ ಇರಲಿ. "ಗಂಡ ಕುಡಿದು ಬಂದು ಹೊಡೆದದ್ದರಿಂದ ಆಕೆ ಜೂನ್ 12ರಂದು ಮನೆ ಬಿಟ್ಟಳು" ಎಂದು ಬರೆದರೆ ಉತ್ತರ ಬರಿಯ ನಿರಾಕರಣೆ. "ಆಕೆ ಮತ್ತು ಮಗ 2022ರ ಜೂನ್ 12ರಿಂದ ಕುಮಟಾದಲ್ಲಿ ವಾಸವಾಗಿದ್ದಾರೆ" ಎಂದರೆ ಇಲ್ಲ ಅನ್ನಲು ಬರುವುದಿಲ್ಲ.

ತೋಟದ ಲೆಕ್ಕ

ಈ ಜಿಲ್ಲೆಯ ಜೀವನಾಂಶದ ಕೇಸುಗಳು ಕುಸಿಯುವ ಜಾಗ ಇದು. ಹೆಂಡತಿ ಈ ಮೊಕದ್ದಮೆಯಲ್ಲೇ ಹಾಕಿದ ಜೀವನಾಂಶದ ಅರ್ಜಿಗೆ ಗಂಡನ ತಕರಾರಿನಲ್ಲಿ "ಸ್ವಂತ ಆದಾಯ ಇಲ್ಲ". ಮಾವನ ಮಾತು ಇನ್ನೂ ನೇರ: "ತೋಟ ಯನ್ನ ಹೆಸರಲ್ಲಿದ್ದು, ಅವನ ಹೆಸರಲ್ಲಿ ಎಂತೂ ಇಲ್ಲೆ." ಹೆಂಡತಿಯ ಅರ್ಜಿಯಲ್ಲಿ "ವಾರ್ಷಿಕ 10 ಲಕ್ಷ". ಎರಡಕ್ಕೂ ಕಾಗದದ ಬೆಂಬಲ ಇಲ್ಲ.

ರಜನೀಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ನವೆಂಬರ್ 4ರಂದು ಕೊಟ್ಟ ತೀರ್ಪಿನ ಪ್ರಕಾರ ಜೀವನಾಂಶದ ಪ್ರತಿ ಪ್ರಕರಣದಲ್ಲಿ ಇಬ್ಬರೂ ಆಸ್ತಿ ಮತ್ತು ಹೊಣೆಗಳ ಪ್ರಮಾಣಪತ್ರ ಸಲ್ಲಿಸಬೇಕು. ತೀರ್ಪಿಗೆ ನಮೂನೆಗಳನ್ನು ಲಗತ್ತಿಸಲಾಗಿದೆ, ಅದರಲ್ಲಿ ಎರಡನೆಯದು ಕೃಷಿಕರಿಗಾಗಿಯೇ ಇರುವುದು. ನಗರದ ನೌಕರರ ನಮೂನೆಯನ್ನೇ ಟೈಪು ಮಾಡಿಸಿ, ಸಂಬಳದ ಅಂಕಣದಲ್ಲಿ "ಅನ್ವಯಿಸುವುದಿಲ್ಲ" ಎಂದು ಬರೆದುಕೊಡುವುದು ಇಲ್ಲಿ ಸಾಮಾನ್ಯ; ಗಂಡನ ಕಡೆಯಿಂದ ಬಂದದ್ದೂ ಅದೇ. ಜಮೀನಿನ ವಿಸ್ತೀರ್ಣ, ಬೆಳೆ, ಸಾಲ ಕೇಳುವ ಕೃಷಿಕರ ನಮೂನೆಯಲ್ಲಿ ಮತ್ತೆ ಸಲ್ಲಿಸಬೇಕೆಂದು ಕೇಳುವ ಅರ್ಜಿಯನ್ನು ಈ ತಾರೀಖಿಗೇ ಸಿದ್ಧಪಡಿಸಲಾಯಿತು.

ಕಾಗದ ಎಲ್ಲಿಂದ? ಪಹಣಿಯಿಂದ ಆರಂಭ. 9ನೇ ಕಲಮಿನಲ್ಲಿ ಮಾವನ ಹೆಸರು, 2 ಎಕರೆ 10 ಗುಂಟೆ ತೋಟ. 11ನೇ ಕಲಮಿನಲ್ಲಿ ಸಹಕಾರ ಸಂಘದ ಬೆಳೆಸಾಲದ ಬೋಜಾ (ಹೊಣೆ). ಹಕ್ಕು ಹೇಗೆ ಬಂತೆಂದು ತೋರಿಸುವ ಮ್ಯುಟೇಶನ್ ಉತಾರ ತೆಗೆಸಿದಾಗ ಆಸ್ತಿ ಅಜ್ಜನಿಂದ ವಾಟ್ನಿಯಲ್ಲಿ (ಪಾಲಿನಲ್ಲಿ) ಬಂದದ್ದು ಕಂಡಿತು. ಅಂದರೆ ಪಿತ್ರಾರ್ಜಿತ, ಹೆಸರು ತಂದೆಯದಿದ್ದರೂ ಮಗನಿಗೆ ಅದರಲ್ಲಿ ಹಕ್ಕಿದೆ ಎಂದು ವಾದಿಸಲು ದಾರಿ ಆಯಿತು. ಪಹಣಿಯೊಂದನ್ನೇ ಹಾಜರುಪಡಿಸಿ ಮ್ಯುಟೇಶನ್ ಬಿಟ್ಟವರಿಗೆ ಈ ದಾರಿ ಮುಚ್ಚಿರುತ್ತದೆ.

ಆಮೇಲೆ ಮಾರಾಟ. ಶಿರಸಿ ಸೀಮೆಯಲ್ಲಿ ಅಡಿಕೆ ಬಹುಪಾಲು ಸಹಕಾರಿ ಸಂಘದ ಅಂಗಳ ದಾಟಿಯೇ ಮಾರಾಟವಾಗುವುದರಿಂದ ಲೆಕ್ಕ ಎಲ್ಲೋ ಒಂದು ಕಡೆ ಬರೆದಿರುತ್ತದೆ. ಸಂಘದ ಸದಸ್ಯ ಖಾತೆಯ ಮೂರು ವರ್ಷದ ಉತಾರ ಹಾಜರುಪಡಿಸುವಂತೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 16ನೇ ಆದೇಶದ 6ನೇ ನಿಯಮದಡಿ ಸಮನ್ಸ್ ಕೇಳಲಾಯಿತು. ಅರ್ಜಿಯಲ್ಲಿ ಖಾತೆದಾರರ ಹೆಸರು, ಗ್ರಾಮ, ಅವಧಿ ಸ್ಪಷ್ಟವಾಗಿರಬೇಕು. "ಎಲ್ಲ ವ್ಯವಹಾರದ ದಾಖಲೆಗಳು" ಎಂದು ಕೇಳಿದರೆ ವಜಾ ಆಗುವ ಸಂಭವವೇ ಹೆಚ್ಚು. ಖಾತೆ ತಂದೆಯ ಹೆಸರಲ್ಲಿದ್ದರೆ ಅದು ಮೊಕದ್ದಮೆಗೆ ಯಾಕೆ ಬೇಕು ಎಂಬುದಕ್ಕೆ ಅರ್ಜಿಯಲ್ಲೇ ಒಂದು ಪ್ಯಾರಾ ಬರೆಯಿರಿ: ತೋಟ ನಡೆಸುವವನು ಮಗ, ಹಣ ಬಿಡಿಸಿಕೊಂಡ ಸಹಿ ಮಗನದು, ಇತ್ಯಾದಿ.

ಆಕೆಯ ಬಳಿ ಮನೆ ಬಿಡುವಾಗ ಬಂದಿದ್ದ ಒಂದು ವರ್ಷದ ಮಾರಾಟದ ಬಿಲ್ಲುಗಳ ಮೊಬೈಲ್ ಫೋಟೋ ಇದ್ದವು. ರಾಶಿ ಅಡಿಕೆ 11 ಕ್ವಿಂಟಲ್ 20 ಕಿಲೋ, ಸರಾಸರಿ ಕ್ವಿಂಟಲಿಗೆ 46,000ದಂತೆ 5,15,200 ರೂಪಾಯಿ. ಕಾಳುಮೆಣಸು 60 ಕಿಲೋ, 36,000. ಒಟ್ಟು 5,51,200. ಇಲ್ಲಿಗೇ ನಿಲ್ಲಿಸಿ "ಆದಾಯ ಐದೂವರೆ ಲಕ್ಷ" ಎಂದು ಬರೆಯುವುದು ತಪ್ಪು. ಕೊನೆ (ಅಡಿಕೆ ಗೊನೆ) ಕೊಯ್ಲು, ಸುಲಿಯುವ ಕೂಲಿ, ಮಳೆಗಾಲದಲ್ಲಿ ಎರಡು ಬಾರಿ ಬೋರ್ಡೋ ಸಿಂಪಡಣೆ, ಗೊಬ್ಬರ, ಬೆಳೆಸಾಲದ ಬಡ್ಡಿ ಎಲ್ಲ ಸೇರಿ ಖರ್ಚನ್ನು ಆಕೆಯ ಕಡೆಯವರೇ 2,10,000 ಎಂದು ತೋರಿಸಿದರು. ನಿವ್ವಳ 3,41,200. ಕೊಳೆ ರೋಗ ಬಂದ ವರ್ಷ ಇದು ಎಷ್ಟು ಇಳಿಯುತ್ತದೆ ಎಂಬುದು ಈ ಭಾಗದ ನ್ಯಾಯಾಲಯಕ್ಕೆ ಹೊಸ ವಿಷಯವಲ್ಲ. ಖರ್ಚನ್ನು ನಾವೇ ಕಳೆದು ತೋರಿಸಿದರೆ ಉಳಿದ ಅಂಕಿಯನ್ನು ಅಲುಗಾಡಿಸುವುದು ಎದುರು ಪಕ್ಷಕ್ಕೆ ಕಷ್ಟ.

ಹೆಂಡತಿಯ ಪ್ರಮಾಣಪತ್ರವೂ ಅಷ್ಟೇ ಸ್ವಚ್ಛವಾಗಿರಬೇಕು. 14,000 ಸಂಬಳ, ಹೊಲಿಗೆಯಿಂದ ಆಗೀಗ ಬರುವ ಹಣ, ಕುಮಟಾದ ಆದೇಶ, ಬಾಕಿ, ಎಲ್ಲವನ್ನೂ ಬರೆಯಲಾಯಿತು. ಸಂಬಳ ಹೇಳಿದರೆ ಜೀವನಾಂಶ ಸಿಗುವುದಿಲ್ಲ ಎಂಬ ಹೆದರಿಕೆ ಬಹಳ ಹೆಣ್ಣುಮಕ್ಕಳಲ್ಲಿದೆ. ಗಳಿಸುತ್ತಾಳೆ ಎಂಬ ಒಂದೇ ಕಾರಣಕ್ಕೆ ಜೀವನಾಂಶ ತಪ್ಪುವುದಿಲ್ಲ, ಮಗುವಿನ ಪಾಲಂತೂ ಬೇರೆಯೇ. ಮುಚ್ಚಿಟ್ಟದ್ದು ಬ್ಯಾಂಕ್ ಪಾಸ್‌ಬುಕ್ಕಿನಿಂದ ಹೊರಬಿದ್ದರೆ ಮಾತ್ರ ನಂಬಿಕೆ ಪೂರ್ತಿ ಹೋಗುತ್ತದೆ, ಸುಳ್ಳು ಪ್ರಮಾಣದ ಕ್ರಮಕ್ಕೂ ದಾರಿಯಾಗುತ್ತದೆ. ಇನ್ನೊಂದು ವಿಷಯ: ಬಾಕಿ ವಸೂಲಿಯ ವಾರಂಟಿಗೆ, ಮೊತ್ತ ಬಾಕಿಯಾದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಶಿರಸಿಯ ಮೊಕದ್ದಮೆ ಮುಗಿಯಲಿ ಎಂದು ಕುಮಟಾದ ಬಾಕಿಯನ್ನು ಕಾಯಿಸಬಾರದು.

ವಾಟ್ಸಾಪ್ ಸಂದೇಶಗಳು

ಗಂಡ ಬೈದು ಕಳಿಸಿದ 23 ಸಂದೇಶಗಳ ಸ್ಕ್ರೀನ್‌ಶಾಟ್ ಮುದ್ರಿಸಿ ತಂದಿದ್ದರು. ಮುದ್ರಣ ಮಾತ್ರ ಸಾಲದು. ಈ ಅರ್ಜಿ 2024ರ ಜುಲೈ 1ಕ್ಕೆ ಮುಂಚಿನದಾದ್ದರಿಂದ ಇದಕ್ಕೆ 1872ರ ಸಾಕ್ಷ್ಯ ಕಾಯ್ದೆಯ 65ಬಿ ಕಲಮಿನ ಪ್ರಮಾಣಪತ್ರ ಬೇಕು. ಆ ದಿನದಿಂದ ಈಚೆಗೆ ಹೂಡಿದ ಮೊಕದ್ದಮೆಗಳಲ್ಲಿ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಕೇಳುವ ಪ್ರಮಾಣಪತ್ರಕ್ಕೆ ಎರಡು ಭಾಗಗಳಿವೆ: ಮೊದಲನೆಯದನ್ನು ಸಾಧನ ಬಳಸುವವರು, ಎರಡನೆಯದನ್ನು ತಜ್ಞರು ತುಂಬಿ ಸಹಿ ಮಾಡಬೇಕು. ಎರಡರಲ್ಲೂ ಕಡತದ ಹ್ಯಾಶ್ ಮೌಲ್ಯ (ಕಡತ ಬದಲಾಗಿಲ್ಲವೆಂದು ತೋರಿಸುವ ಗುರುತು) ಬೇಕು. ಎರಡನೇ ಭಾಗ ಖಾಲಿ ಬಿಟ್ಟು ಸಲ್ಲಿಸುವುದು ಈಗ ಎಲ್ಲೆಡೆ ಕಾಣುವ ಲೋಪ. ಮೊಬೈಲ್ ಬದಲಿಸುವುದು, ಸಂಭಾಷಣೆಯ ನಡುವಿನ ತನ್ನದೇ ಬೈಗುಳ ಅಳಿಸಿ ಉಳಿದದ್ದನ್ನು ಕೊಡುವುದು ಇನ್ನೂ ದೊಡ್ಡ ಹಾನಿ. ಪೂರ್ತಿ ಸಂಭಾಷಣೆ ಕೊಡಿ, ಮೂಲ ಫೋನನ್ನು ಹಾಗೇ ಕಾಪಾಡಿ.

ಸಾಕ್ಷಿ ಪಟ್ಟಿ ಮತ್ತು ಕಡತ

ವಿವಾದಾಂಶ ರಚನೆಯಾದ 15 ದಿನದೊಳಗೆ ಸಾಕ್ಷಿ ಪಟ್ಟಿ ಸಲ್ಲಿಸಬೇಕು. ಅದನ್ನು ಅದೇ ದಿನ ಕೈಯಲ್ಲಿ ಹಿಡಿದುಹೋದರೆ ಒಂದು ತಾರೀಖು ಉಳಿಯುತ್ತದೆ. ಆಕೆಯ ಮನೆಯವರು ಒಂಬತ್ತು ಹೆಸರು ಬರೆದಿದ್ದರು. ಪ್ರತಿ ಹೆಸರಿನ ಮುಂದೆ "ಕಣ್ಣಾರೆ ಏನು ಕಂಡರು?" ಎಂದು ಕೇಳಿದಾಗ ಆರು ಹೆಸರು ಬಿದ್ದವು, ಅವರೆಲ್ಲ ಆಕೆಯಿಂದಲೇ ಕೇಳಿದವರು. ಉಳಿದದ್ದು ಆಕೆ, ತಾಯಿ, ಮಗನ ತರಗತಿ ಶಿಕ್ಷಕಿ. ಸಂಘದ ಕಾರ್ಯದರ್ಶಿ ದಾಖಲೆ ಹಾಜರಿಗೆ ಮಾತ್ರ.

ಅರ್ಜಿ ಅಥವಾ ತಕರಾರಿಗೆ ಸೇರಿಸಬೇಕಾದ್ದು ಏನಾದರೂ ಉಳಿದಿದ್ದರೆ ಸೇರಿಸಲು ಇದೇ ಕೊನೆಯ ಸುಲಭ ಅವಕಾಶ. ವಿಚಾರಣೆ ಶುರುವಾದ ಮೇಲೆ, ಎಷ್ಟು ಜಾಗರೂಕರಾಗಿದ್ದರೂ ಮುಂಚೆ ತರಲಾಗಲಿಲ್ಲ ಎಂದು ತೋರಿಸದೆ ತಿದ್ದುಪಡಿ ಸಿಗದು. ಮುಖ್ಯ ವಿಚಾರಣೆಯ ಪ್ರಮಾಣಪತ್ರ (ಸಾಕ್ಷಿ ತನ್ನ ಹೇಳಿಕೆಯನ್ನು ಬರೆದುಕೊಡುವುದು) ಸಲ್ಲಿಸಿದರೆ ವಿಚಾರಣೆ ಶುರುವಾದಂತೆ ಎಂದು ಸುಪ್ರೀಂ ಕೋರ್ಟ್ ವಿದ್ಯಾಬಾಯಿ ಪ್ರಕರಣದಲ್ಲಿ ಹೇಳಿದೆ. ಆಕೆಯ ತಕರಾರಿನಲ್ಲಿ ಜಾತ್ರೆಯ ಮಾತೇ ಇರಲಿಲ್ಲ. ಕ್ಷಮೆಯ ವಾದ ಹೂಡುವ ನಾಲ್ಕು ಸಾಲಿನ ತಿದ್ದುಪಡಿ ಅರ್ಜಿ ಈ ತಾರೀಖಿಗೇ ಹೋಯಿತು. ತಕರಾರಿನಲ್ಲಿ ಇಲ್ಲದ ಸಂಗತಿಗೆ ಸಾಕ್ಷಿ ತಂದು ಪ್ರಯೋಜನವಿಲ್ಲ.

ದಾಖಲೆಗಳಿಗೆ ಒಂದೇ ಸರಣಿಯ ಪುಟಸಂಖ್ಯೆ, ಮುಂದೆ ಸೂಚಿ, ಮೂಲಪ್ರತಿಗಳು ಬೇರೆ ಲಕೋಟೆಯಲ್ಲಿ. ನ್ಯಾಯಾಲಯಕ್ಕೆ, ಎದುರು ವಕೀಲರಿಗೆ, ತಮಗೆ ಒಂದೊಂದು ಪ್ರತಿ.

ಮಗನ ಮೆಮೊ

ಮಗನನ್ನು ತಂದೆ ಭೇಟಿಯಾಗುವುದು ಹೇಗೆಂದು ನ್ಯಾಯಾಲಯಕ್ಕೆ ಬರೆದುಕೊಡುವ ಈ ಮೆಮೊಗೆ ಹೆಚ್ಚು ಹೊತ್ತು ಕೊಡಲಾಯಿತು, ಕೊಡಬೇಕಾದ್ದೂ ಹೌದು. "ತಂದೆಗೆ ಭೇಟಿಯ ಅವಕಾಶ ಇರಲಿ" ಎಂಬ ಒಂದು ಸಾಲಿನ ಆದೇಶ ಪ್ರತಿ ತಿಂಗಳೂ ಹೊಸ ಜಗಳಕ್ಕೆ ಬೀಜ. ಮೆಮೊದಲ್ಲಿ ಬರೆದದ್ದು ಹೀಗೆ: ಎರಡನೇ ಮತ್ತು ನಾಲ್ಕನೇ ಶನಿವಾರ ಬೆಳಿಗ್ಗೆ 10ಕ್ಕೆ ತಂದೆ ಕುಮಟಾದ ಅಜ್ಜಿಮನೆಯಿಂದ ಕರೆದೊಯ್ಯಬೇಕು, ಭಾನುವಾರ ಸಂಜೆ 5ಕ್ಕೆ ಅಲ್ಲಿಗೇ ಮುಟ್ಟಿಸಬೇಕು. ಜೂನ್‌ನಿಂದ ಆಗಸ್ಟ್‌ವರೆಗೆ ದೇವಿಮನೆ ಘಟ್ಟದಲ್ಲಿ ಮಣ್ಣು ಕುಸಿಯುವ ಭಯ ಇರುವುದರಿಂದ ಭೇಟಿ ಕುಮಟಾದಲ್ಲೇ, ಹಗಲಿನಲ್ಲಿ. ರಸ್ತೆ ಬಂದಾದ ದಿನ ಸಂಜೆ 7ಕ್ಕೆ ಅರ್ಧ ಗಂಟೆ ವಿಡಿಯೋ ಕರೆ, ತಪ್ಪಿದ ಭೇಟಿಗೆ ಬದಲಾಗಿ ಮುಂದಿನ ಶನಿವಾರ. ಚೌತಿ ತಂದೆಯ ಮನೆಯಲ್ಲಿ, ದೀಪಾವಳಿ ವರ್ಷ ಬಿಟ್ಟು ವರ್ಷ, ದಸರೆ ಮತ್ತು ಬೇಸಿಗೆ ರಜೆ ಅರ್ಧರ್ಧ. ಬಟ್ಟೆಯ ಚೀಲದ ಜೊತೆ ಔಷಧಿ ಮತ್ತು ಶಾಲೆಯ ಡೈರಿ ಹೋಗಬೇಕು. ಹುಡುಗನ ಕೈಯಲ್ಲಿ ಕೋರ್ಟಿನ ಸುದ್ದಿ ಕಳಿಸಕೂಡದು.

ಹುಡುಗನನ್ನು ಸಾಕ್ಷಿ ಪಟ್ಟಿಯಲ್ಲಿ ಹಾಕಲಿಲ್ಲ. ನ್ಯಾಯಾಧೀಶರು ಬಯಸಿದರೆ ತಮ್ಮ ಕೊಠಡಿಯಲ್ಲಿ ಮಾತನಾಡಿಸಬಹುದು. ಎಂಟು ವರ್ಷದ ಮಗುವಿಗೆ ಉತ್ತರ ಕಲಿಸಿ ಕರೆತಂದರೆ ಮೊದಲ ಎರಡು ಪ್ರಶ್ನೆಯಲ್ಲೇ ಗೊತ್ತಾಗುತ್ತದೆ, ಮಗುವಿನ ಮನಸ್ಸಿಗೆ ಆದ ಗಾಯ ಮಾತ್ರ ಬಹಳ ಕಾಲ ಉಳಿಯುತ್ತದೆ.

ಆ ದಿನ

ರಾಜಿಗೆ ಪ್ರಯತ್ನಿಸುವುದು ಹಿಂದೂ ವಿವಾಹ ಕಾಯ್ದೆಯ 23(2)ರ ಪ್ರಕಾರ ನ್ಯಾಯಾಲಯದ ಕರ್ತವ್ಯ, ಆದ್ದರಿಂದ ಕಕ್ಷಿದಾರರನ್ನೇ ಕೇಳುವ ಸಂಭವ ಇರುತ್ತದೆ. ಆಕೆಗೆ ಹೇಳಿಕೊಟ್ಟದ್ದು ಇಷ್ಟೇ: ಒಟ್ಟಿಗೆ ಬಾಳಲು ಮನಸ್ಸಿದೆಯೋ ಇಲ್ಲವೋ ನೇರವಾಗಿ ಹೇಳಿ, ಹಳೆಯ ಜಗಳ ಬಿಚ್ಚಬೇಡಿ, ಯಾವ ಮೊತ್ತಕ್ಕೆ ಒಪ್ಪುವಿರಿ ಎಂಬುದನ್ನು ಮನೆಯಲ್ಲೇ ನಿರ್ಧರಿಸಿ ಬನ್ನಿ. ಜಗಲಿಯಲ್ಲಿ ನಿಂತು ಅಣ್ಣನಿಗೆ ಫೋನು ಮಾಡಿ ಕೇಳುವ ಹೊತ್ತಿಗೆ ಕಡತ ಮುಂದೆ ಹೋಗಿರುತ್ತದೆ. ಮೊದಲ ಬಸ್ಸು ಹಿಡಿದರೂ ಘಟ್ಟ ಹತ್ತಿ ಬರಲು ಎರಡು ಗಂಟೆ ಬೇಕಾದ್ದರಿಂದ ಹಿಂದಿನ ರಾತ್ರಿಯೇ ಶಿರಸಿಯಲ್ಲಿ ಉಳಿದರು.

ವಕೀಲರ ಕೈಯಲ್ಲಿದ್ದದ್ದು ಒಂದು ಪುಟದ ಟಿಪ್ಪಣಿ: ಒಪ್ಪಿತ ಸಂಗತಿಗಳು, ಕರಡು ವಿವಾದಾಂಶ, ಬಾಕಿ ಇರುವ ಮಧ್ಯಂತರ ಅರ್ಜಿಗಳು, ಸಾಕ್ಷಿಗಳು, ಬೇಕಾದ ತಾರೀಖುಗಳು. ತಾರೀಖು ಕೇಳುವಾಗಲೂ ಊರಿನ ಲೆಕ್ಕ ಬೇಕು. ನವೆಂಬರಿನಿಂದ ಜನವರಿ ಕೊನೆ ಕೊಯ್ಲಿನ ಕಾಲ, ಗಂಡನ ಕಡೆಯ ಸಾಕ್ಷಿಗಳು ತಪ್ಪಿಸಿಕೊಳ್ಳುತ್ತಾರೆ. ಮಾರ್ಚಿನಲ್ಲಿ ಶಿಕ್ಷಕಿಗೆ ಪರೀಕ್ಷೆ.

ಪರಿತ್ಯಾಗದ ದಿನಗಳ ಲೆಕ್ಕ ಓದಿದ ಮೇಲೆ ಗಂಡನ ವಕೀಲರು ಸಮಯ ಕೇಳಿ, ಮಧ್ಯಾಹ್ನ ಆ ಕಾರಣವನ್ನು ಒತ್ತಾಯಿಸುವುದಿಲ್ಲ ಎಂದು ಮೆಮೊ ಕೊಟ್ಟರು. ಏಳು ಸಂಗತಿಗಳಲ್ಲಿ ಐದು ಒಪ್ಪಿತವಾದವು, ಫೋಟೋ ಕೂಡ. ತಿದ್ದುಪಡಿಗೆ ವಿರೋಧ ಬರಲಿಲ್ಲ. ಎರಡೂ ಕಡೆಯ ಕರಡುಗಳಲ್ಲಿ ಸೇರಿ ಹನ್ನೊಂದಿದ್ದ ವಿವಾದಾಂಶಗಳು ನಾಲ್ಕಕ್ಕೆ ಇಳಿದವು:

1. ಎದುರುದಾರಳು ತನ್ನನ್ನು ಕ್ರೌರ್ಯದಿಂದ ನಡೆಸಿಕೊಂಡಳೆಂದು ಅರ್ಜಿದಾರನು ರುಜುವಾತುಪಡಿಸುವನೇ?
2. ಹಾಗಿದ್ದಲ್ಲಿ, ಅರ್ಜಿದಾರನು ಸದರಿ ಕ್ರೌರ್ಯವನ್ನು ಕ್ಷಮಿಸಿರುವನೆಂದು ಎದುರುದಾರಳು ತೋರಿಸುವಳೇ?
3. ಎದುರುದಾರಳು ತನಗೆ ಮತ್ತು ಅಪ್ರಾಪ್ತ ಮಗನಿಗೆ ಜೀವನಾಂಶ ಪಡೆಯಲು ಅರ್ಹಳೇ? ಎಷ್ಟು?
4. ಏನು ಆದೇಶ?

ಎರಡನೆಯದನ್ನು ರುಜುವಾತಿನ ಪೂರ್ತಿ ಭಾರ ಆಕೆಯ ಮೇಲೆ ಬರುವಂತೆ ಓದಬಾರದು ಎಂದು ಆಕ್ಷೇಪಣೆಯ ಮೆಮೊ ಅವತ್ತೇ ಸಲ್ಲಿಸಲಾಯಿತು, ಏಕೆಂದರೆ ಕ್ಷಮಿಸಿಲ್ಲ ಎಂಬುದು 23(1)(ಬಿ) ಪ್ರಕಾರ ಅರ್ಜಿದಾರನೇ ನ್ಯಾಯಾಲಯಕ್ಕೆ ಮನವರಿಕೆ ಮಾಡಬೇಕಾದ್ದು. ಇಂಥದನ್ನು ಮೇಲ್ಮನವಿಯಲ್ಲಿ ಮೊದಲ ಬಾರಿ ಹೇಳಲು ಹೋದರೆ ತಡವಾಗಿರುತ್ತದೆ.

ಮಗನ ಮೆಮೊ ಚೌತಿಯ ಒಂದು ದಿನದ ಬದಲಾವಣೆಯೊಂದಿಗೆ ಮಧ್ಯಂತರ ಆದೇಶವಾಯಿತು. ಸಂಘದ ಸಮನ್ಸ್ ಮಂಜೂರಾಯಿತು. ಪ್ರೊಸೆಸ್ ಫೀ (ಸಮನ್ಸ್ ಕಳಿಸುವ ಶುಲ್ಕ) ಅದೇ ದಿನ ಕಟ್ಟಲಾಯಿತು. ಕೃಷಿಕರ ನಮೂನೆಯಲ್ಲಿ ಪ್ರಮಾಣಪತ್ರ ಸಲ್ಲಿಸಲು ಗಂಡನಿಗೆ ಎರಡು ವಾರ ಸಿಕ್ಕಿತು, ಹಿಂದೂ ವಿವಾಹ ಕಾಯ್ದೆಯ 24ನೇ ಕಲಮಿನ (ಮಧ್ಯಂತರ ಜೀವನಾಂಶದ) ಅರ್ಜಿಯ ವಾದ ಅದರ ಮರುವಾರಕ್ಕೆ. ಗಂಡನ ಮುಖ್ಯ ವಿಚಾರಣೆಯ ಪ್ರಮಾಣಪತ್ರಕ್ಕೆ ಅಕ್ಟೋಬರಿನ ಎರಡನೇ ವಾರದ ತಾರೀಖು ಬಿತ್ತು, ಪ್ರತಿಯನ್ನು ಏಳು ದಿನ ಮುಂಚೆ ಎದುರು ಪಕ್ಷಕ್ಕೆ ಕೊಡಬೇಕೆಂಬ ಷರತ್ತಿನೊಂದಿಗೆ.